ಮಣ್ಣಿನ ಸಾಲವೂ ಮಣ್ಣಿಲ್ಲದ ಬೆಳೆಯೂ

ಪರರ ಹೊಲವನ್ನು ಒಂದು ವರುಷದ ಲಾವಣಿಗೆ ಹಿಡಿದವನು ಆ ಹೊಲಕ್ಕೆ ತನ್ನ ತಿಪ್ಪೆಯ ಗೊಬ್ಬರವನ್ನು ಹಾಕತಕ್ಕದ್ದೋ, ಹಾಕದೆ ಬಿಡತಕ್ಕದ್ದೋ? ಇದು ಬರೀ ಲೆಕ್ಕದ ಮಾತು, ಇದರಲ್ಲಿ ಧರ್ಮದ ವಿಚಾರವೇನು ಎಂದು ಕೆಲವರು ಹೇಳಬಹುದು. ಆದರೆ ಇಟಗಿ, ಕುಕನೂರು, ಯಲಬುರ್ಗಾ ಈ ಸೀಮೆಯ ಊರುಗಳಲ್ಲಿ ಸ್ವಂತ ಹೊಲವು ಸ್ವಲ್ಪವೇ ಇರುವ, ಇಲ್ಲವೆ ಏನೂ ಇರದ ಮನೆಗಳು ಬಹಳ. ಅವರ ಹಟ್ಟಿಯಲ್ಲಿ ಒಂದೆರಡು ಎಮ್ಮೆಗಳಿರುವವು, ತಿಪ್ಪೆಯಿರುವದು, ಹೊಲವು ಮಾತ್ರ ಮತ್ತೊಬ್ಬನದು. ಅಂಥವರಿಗೆ ಇದು ವರುಷ ವರುಷವೂ ಎದುರಿಗೆ ಬಂದು ನಿಲ್ಲುವ ಪ್ರಶ್ನೆಯಾಗಿದೆ.

ಲಾವಣಿ ಹಿಡಿದವನ ವಾದವು ಹೀಗಿರುವದು: "ಯುಗಾದಿಯಿಂದ ಯುಗಾದಿಗೆ ಹೊಲ ನನ್ನದು. ಬರುವ ಯುಗಾದಿಗೆ ಒಡೆಯನು ನನ್ನನ್ನು ಬಿಡಿಸಿ ಬೇರೊಬ್ಬನಿಗೆ ಕೊಟ್ಟರೆ ನನ್ನ ಗೊಬ್ಬರದ ಫಲವನ್ನು ಅವನು ಉಣ್ಣುವನು. ಒಂದು ಚೀಲ ಯೂರಿಯಾ ಚೆಲ್ಲಿದರೆ ಈ ವರುಷದ ಪೈರಿಗೆ ಸಾಕು." ಈ ವಾದವನ್ನು ಹಗುರವಾಗಿ ತಳ್ಳಿಬಿಡಬಾರದು, ಯಾಕಂದರೆ ಲೆಕ್ಕವು ಅವನ ಕಡೆಗೇ ಇದೆ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸಾರಜನಕವು 20 ಕಿಲೋಕ್ಕಿಂತ ತುಸು ಹೆಚ್ಚಾಗಿರುವದು. ಒಂದು ಟನ್ನು ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕಿಲೋ ಮಾತ್ರ. ಹೀಗೆ ಒಂದು ಚೀಲಕ್ಕೆ ಸರಿದೂಗಬೇಕಾದರೆ ನಾಲ್ಕು ಟನ್ನು ಗೊಬ್ಬರವನ್ನು ಹೇರಬೇಕಾಗುವದು. ಅದಲ್ಲದೆ ಹಾಕಿದ ವರುಷದಲ್ಲಿಯೇ ಆ ಗೊಬ್ಬರದ ಸಾರವೆಲ್ಲಾ ಪೈರಿಗೆ ಸಿಕ್ಕುವದಿಲ್ಲ. ಒಂದು ಪಾಲು ಈ ವರುಷಕ್ಕೆ, ಉಳಿದದ್ದು ಮುಂದಿನ ವರುಷಗಳಿಗೆ. ಆದಕಾರಣ ತಿಪ್ಪೆಗೊಬ್ಬರ ಹಾಕುವವನು ಮುಂದೆ ಉಳುವವನಿಗೂ ಸೇರಿಸಿ ಹಾಕುವನು. ಆ ಮುಂದಿನವನು ಯಾರೆಂಬದು ಅವನಿಗೆ ತಿಳಿಯದು.

ಹಾಗಾದರೆ ಮಣ್ಣಿಗೆ ನಾವು ಏನಾದರೂ ಸಾಲಗಾರರಾಗಿದ್ದೇವೋ? ಇದನ್ನು ತಿಳಿಯುವದಕ್ಕೆ ಹಿಂದಿನ ಕಾಲದ ಒಂದು ಪರೀಕ್ಷೆಯನ್ನು ಹೇಳುವೆನು. ಬೆಲ್ಜಿಯಮ್ ಸೀಮೆಯ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣನ್ನು ಒಂದು ದೊಡ್ಡ ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ಒಂದು ವಿಲೋ ಗಿಡವನ್ನು ನೆಟ್ಟು, ಐದು ವರುಷ ಬರೇ ನೀರನ್ನು ಹೊಯ್ದನು. ಗಿಡವು ಸುಮಾರು 169 ಪೌಂಡಿನ ಮರವಾಯಿತು. ಮಣ್ಣನ್ನು ತಿರಿಗಿ ಒಣಗಿಸಿ ತೂಗಿದರೆ ಅದರಲ್ಲಿ ಕಡಿಮೆಯಾದದ್ದು ಸುಮಾರು ಎರಡೇ ಔನ್ಸು! ಮರವೆಲ್ಲಾ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ಅವನು ಸತ್ತ ಮೇಲೆ 1648ರಲ್ಲಿ ಇದು ಅಚ್ಚಾಯಿತು. ಮರದ ಮೈಯ ಬಹುಭಾಗವು ಗಾಳಿಯೊಳಗಿನ ಇಂಗಾಲದಿಂದ ಬೆಳಕಿನ ಬಲದಿಂದ ಆಗುವದೆಂದು ಲೋಕಕ್ಕೆ ತಿಳಿದದ್ದು ಅದಕ್ಕೂ ನೂರಕ್ಕೂ ಹೆಚ್ಚು ವರುಷಗಳ ಮೇಲೆ. ಆದರೆ ನಾನು ವಾಚಕರಿಗೆ ತೋರಿಸಬೇಕೆಂದಿರುವದು ಆ ಎರಡು ಔನ್ಸು. ಆ ಪಂಡಿತನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಟ್ಟ ಆ ಚಿಟಿಕೆಯಲ್ಲಿಯೇ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಕಬ್ಬಿಣ ಮೊದಲಾದವುಗಳು ಇದ್ದವು. ಅವುಗಳಿಲ್ಲದೆ ಗಾಳಿಯೂ ನೀರೂ ಬೆಳಕೂ ಕೂಡಿ ಒಂದು ಎಲೆಯನ್ನಾದರೂ ಕಟ್ಟಲಾರವು. ಜೋಳದ ತೆನೆಯೊಂದಿಗೂ ಕಣಿಕೆಯೊಂದಿಗೂ ಹೊಲದಿಂದ ಹೊರಗೆ ಹೋಗುವ ಸಾಲವು ಇದೇ. ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಪ್ರತಿ ಸುಗ್ಗಿಯಲ್ಲಿಯೂ ತಪ್ಪದೆ ಹೋಗುವದು.

ಇಟಗಿಯ ಮಹಾದೇವ ದೇವಾಲಯವನ್ನು ನೋಡದ ಮನುಷ್ಯನು ಈ ಸೀಮೆಯಲ್ಲಿ ವಿರಳ. ಚಾಲುಕ್ಯರ ಅರಸನಾದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಅದನ್ನು ಕಟ್ಟಿಸಿದನೆಂದೂ, ಅದು ದೇವಾಲಯಗಳಲ್ಲಿ ಚಕ್ರವರ್ತಿಯೆಂದೂ ಅಲ್ಲಿಯ ಶಾಸನವು ಹೇಳುತ್ತದೆ. ಈಗ ಅದು ಸರಕಾರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ; ಅದರ ಒಂದು ಕಲ್ಲನ್ನು ಕಿತ್ತವನು ಅಪರಾಧಿಯಾಗುವನು. ಆದರೆ ಆ ಕಲ್ಲು ಕಡಿದವರೂ ಹೊತ್ತವರೂ ಉಂಡ ಜೋಳವು ಯಾವ ಮಣ್ಣಿನಲ್ಲಿ ಬೆಳೆದಿತೋ ಆ ಮಣ್ಣು ದೇವಾಲಯಕ್ಕಿಂತ ಎಷ್ಟೋ ಹಳೆಯದು. ಒಂದು ಅಂಗುಲ ಮೇಲ್ಮಣ್ಣು ಆಗಬೇಕಾದರೆ ನೂರಾರು ವರುಷ ಬೇಕು. ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಇಟ್ಟಂಗಿ ಭಟ್ಟಿಗೆ ಮಾರಿದವನನ್ನು, ಒಡ್ಡನ್ನು ಕೆಡಿಸಿ ಮಳೆಯ ನೀರಿನೊಂದಿಗೆ ಹಳ್ಳಕ್ಕೆ ಹರಿಯಬಿಟ್ಟವನನ್ನು ಊರಲ್ಲಿ ಯಾರೂ ಕಳ್ಳನೆಂದು ಕರೆಯುವದಿಲ್ಲ. ಅವನ ಸ್ವಂತ ಹೊಲವಲ್ಲವೇ ಎನ್ನುವರು. ಸ್ವಂತವೆಂಬ ಮಾತು ಇಲ್ಲಿ ಬಹಳ ದೂರಕ್ಕೆ ಎಳೆಯಲ್ಪಟ್ಟಿತೆಂದು ನನಗೆ ತೋರುತ್ತದೆ.

ಈ ಸೀಮೆಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಎರೆಯ ಭೂಮಿಯು ಮುಂಗಾರಿನ ಕೊನೆಯ ನೀರನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿನ ಬಿಳಿಜೋಳಕ್ಕೂ ಕಡಲೆಗೂ ಸ್ವಲ್ಪ ಸ್ವಲ್ಪವಾಗಿ ಕೊಡುವದು. ಮಸಾರಿಗೆ ಆ ಶಕ್ತಿ ಕಡಿಮೆ. ಎರಡಕ್ಕೂ ಕಳಿತ ಗೊಬ್ಬರವು ಮಾಡುವ ಉಪಕಾರವು ಯೂರಿಯಾದಿಂದ ಆಗುವದಲ್ಲ. ಅದು ಎರೆಯನ್ನು ಸಡಿಲಗೊಳಿಸುವದು, ಮಸಾರಿಯಲ್ಲಿ ತೇವವನ್ನು ಹಿಡಿದಿಡುವದು, ಮಣ್ಣಿನೊಳಗಿನ ಕೋಟ್ಯನುಕೋಟಿ ಸೂಕ್ಷ್ಮ ಜೀವಿಗಳಿಗೆ ಆಹಾರವಾಗುವದು. ಸಾವಯವವೆಂಬ ಮಾತಿನ ಅರ್ಥವು ಅವಯವಗಳುಳ್ಳದ್ದೆಂದೇ. ಹೊಲವು ಒಂದು ಶರೀರದ ಹಾಗಿದೆ: ಎರೆಹುಳವೂ, ಕಡಲೆಯ ಬೇರಿನ ಗಂಟುಗಳಲ್ಲಿ ವಾಸವಾಗಿದ್ದು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೀವಿಗಳೂ, ದನವೂ, ಕುರಿಯೂ, ಒಕ್ಕಲಿಗನೂ ಅದಕ್ಕೆ ಅವಯವಗಳು. ನಮ್ಮ ಹಿರಿಯರು ಸುಗ್ಗಿಯಾದ ಮೇಲೆ ಕುರುಬರ ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿ ಅವರಿಗೆ ಕಾಳು ಕೊಡುತ್ತಿದ್ದದ್ದೂ, ಬೇಸಿಗೆಯಲ್ಲಿ ಕೆರೆಯ ಹೂಳನ್ನು ಬಂಡಿಯಲ್ಲಿ ತಂದು ಹರಡುತ್ತಿದ್ದದ್ದೂ ಈ ತಿಳುವಳಿಕೆಯಿಂದಲೇ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಪಂಡಿತನು ಇಂದೂರಿನಲ್ಲಿ 1924ರಿಂದ 1931ರ ವರೆಗೆ ಇದ್ದು, ಕಸ, ಸಗಣಿ, ಗಂಜಲದಿಂದ ತೊಯ್ದ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ಮಗುಚಿ ಮೂರು ತಿಂಗಳಲ್ಲಿ ಒಳ್ಳೇ ಗೊಬ್ಬರವನ್ನು ಮಾಡುವ ಕ್ರಮವನ್ನು ಏರ್ಪಡಿಸಿದನು. ಈ ದೇಶದ ರೈತರನ್ನು ತನ್ನ ಉಪಾಧ್ಯಾಯರೆಂದು ಅವನು ಎಣಿಸಿದನು. ನಾವಾದರೋ ತಿಪ್ಪೆಯನ್ನು ಊರ ಹೊರಗೆ ಬಿಸಿಲಿಗೂ ಮಳೆಗೂ ಒಡ್ಡಿ, ಅದರ ಅರ್ಧ ಸಾರವನ್ನು ಗಟಾರಕ್ಕೆ ಕೊಟ್ಟು, ಬಳಿಕ ಗೊಬ್ಬರದಲ್ಲಿ ಬಲವಿಲ್ಲವೆನ್ನುತ್ತೇವೆ.

ಇನ್ನು ಲಾವಣಿಯ ಮಾತಿಗೆ ಬರೋಣ. ಒಡೆಯನು ಒಂದೇ ವರುಷಕ್ಕೆ ಯಾಕೆ ಕೊಡುವನು? ಕರ್ನಾಟಕದ ಭೂಸುಧಾರಣೆಯ ಶಾಸನಕ್ಕೆ 1974ರಲ್ಲಿ ಆದ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವರಿಗೆ ಹಕ್ಕು ದೊರೆಯಿತು. ಮುಂದೆ ಗೇಣಿಗೆ ಕೊಡುವದು ಸೈನಿಕರೇ ಮೊದಲಾದ ಕೆಲವರ ಹೊರತು ನಿಷಿದ್ಧವಾಯಿತು. ಬಡವರಿಗೆ ಇದರಿಂದ ಆದ ಹಿತವು ದೊಡ್ಡದೇ ಸರಿ. ಆದರೆ ಅಂದಿನಿಂದ ಲಾವಣಿಯು ಕಾಗದವಿಲ್ಲದೆ ಬಾಯಿಮಾತಿನಲ್ಲಿ ನಡೆಯುವದಾಯಿತು. ಒಬ್ಬನ ಕೈಯಲ್ಲಿಯೇ ಹೊಲವು ಬಹು ವರುಷ ಇದ್ದರೆ ಹಕ್ಕು ಹುಟ್ಟೀತೆಂಬ ಅಂಜಿಕೆಯಿಂದ ಒಡೆಯನು ಆಳನ್ನು ಬದಲಿಸುತ್ತಾ ಹೋಗುವನು. ಅಂಜಿಕೆಯು ಒಡೆಯನದು, ಬಡತನವು ಉಳುವವನದು, ಸವೆಯುವದು ಮಾತ್ರ ಮಣ್ಣು. ಆದದರಿಂದ ಗೊಬ್ಬರ ಹಾಕದವನ ಮೇಲೆ ಮಾತ್ರ ತಪ್ಪನ್ನು ಹೊರಿಸುವದು ನ್ಯಾಯವಲ್ಲ. ಹಣವನ್ನು ಮುಂಗಡ ಎಣಿಸಿಕೊಂಡು ಪಟ್ಟಣದಲ್ಲಿ ಕೂತ ಒಡೆಯನು ಆ ಸಾಲದಲ್ಲಿ ದೊಡ್ಡ ಪಾಲುಗಾರನು.

ಆದರೂ ಉಳುವವನು ತಾನು ಬಿಡುಗಡೆಯಾದೆನೆಂದು ಹೇಳಬಹುದೋ? ಸುವಾರ್ತೆಯಲ್ಲಿ ಫಲ ಕೊಡದ ಅಂಜೂರದ ಮರದ ಸಾಮ್ಯವನ್ನು ನೀವೆಲ್ಲರೂ ಕೇಳಿದ್ದೀರಿ. ಒಡೆಯನು ಮರವನ್ನು ಕಡಿ ಎನ್ನುವಾಗ, ಇನ್ನೊಂದು ವರುಷ ಇರಲಿ, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದು ಬೇಡಿಕೊಂಡವನು ಯಾರು? ತೋಟದ ಆಳು. ತೋಟವು ಅವನದಲ್ಲ, ಮರವು ಅವನದಲ್ಲ, ಹಣ್ಣೂ ಅವನದಲ್ಲ. ಈ ಸಾಮ್ಯದ ಮುಖ್ಯಾರ್ಥವು ಬೇರೆ ಎಂದು ಬಲ್ಲೆನು. ಆದರೆ ಮಣ್ಣಿನ ಕೆಲಸ ಬಲ್ಲವರು ಆ ಆಳನ್ನು ತಟ್ಟನೆ ಗುರುತಿಸುವರು. ಅಂಥವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಪರರ ಹೊಲದ ಒಡ್ಡು ಒಡೆದದ್ದನ್ನು ಕಂಡರೆ ಕೈಯಲ್ಲಿದ್ದ ಸಲಿಕೆಯಿಂದ ಎರಡು ಹೆಂಟೆ ಹಾಕಿ ಮುಂದೆ ಹೋಗುವರು.

ಈಗ ಕೆಲವರು ಹೊಸ ದಾರಿಯೊಂದನ್ನು ತೋರಿಸುತ್ತಾರೆ: ಮಣ್ಣಿನ ತೊಡಕೇ ಬೇಡ, ಮಣ್ಣಿಲ್ಲದೆ ಬೆಳೆಯಿರಿ, ಆಗ ಮಣ್ಣಿನ ಸಾಲವೂ ಇಲ್ಲವೆಂಬದಾಗಿ. ಇದು ಮಾಟವಲ್ಲ. ಗಿಡಕ್ಕೆ ಬೇಕಾದ ಆ ಎರಡು ಔನ್ಸಿನ ಲವಣಗಳನ್ನು ನೀರಿನಲ್ಲಿ ಕರಗಿಸಿ ಬೇರಿಗೆ ಮುಟ್ಟಿಸುವದು. ಬೇರು ನಿಲ್ಲುವದಕ್ಕೆ ತೆಂಗಿನ ನಾರಿನ ಪುಡಿ, ಉಸುಕು, ಹರಳು ಏನಾದರೂ ಇಡುವದು. ಅಮೇರಿಕಾದ ಗೆರಿಕ್ ಎಂಬ ಪಂಡಿತನು 1929ರಿಂದ ಇದನ್ನು ಬೇಸಾಯದ ಕ್ರಮವಾಗಿ ಮಾಡಿತೋರಿಸಿದನು. 1930ರ ದಶಕದ ಕೊನೆಯಲ್ಲಿ ಶಾಂತ ಸಾಗರದ ವೇಕ್ ಎಂಬ ಬರಡು ದ್ವೀಪದಲ್ಲಿ ವಿಮಾನ ಪ್ರಯಾಣಿಕರಿಗೋಸ್ಕರ ಹೀಗೆ ತರಕಾರಿ ಬೆಳೆದರು. ನಮ್ಮ ದೇಶದಲ್ಲಿ ಶೋಲ್ಟೋ ಡಗ್ಲಸ್ ಎಂಬವನು 1946ರಲ್ಲಿ ಬಂಗಾಳದ ಕಾಲಿಂಪಾಂಗಿನಲ್ಲಿ ಬಡವರಿಗೂ ಕೈಗೂಡುವ ಸುಲಭ ವಿಧಾನವನ್ನು ಹುಡುಕಲಾರಂಭಿಸಿದನು. ನೀರನ್ನು ತಿರಿಗಿ ತಿರಿಗಿ ಬಳಸುವ ಕಾರಣ ಹೊಲಕ್ಕಿಂತ ಎಷ್ಟೋ ಕಡಿಮೆ ನೀರು ಸಾಕು. ಮಳೆ ಕಡಿಮೆಯಾದ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ.

ಬರಗಾಲದಲ್ಲಿ ಮೆಕ್ಕೆಜೋಳವನ್ನು ನೆನೆಸಿ ತಟ್ಟೆಗಳಲ್ಲಿ ಹರಡಿ ಏಳೆಂಟು ದಿನಗಳಲ್ಲಿ ಹಸುರು ಮೇವನ್ನು ಮಾಡುವದನ್ನು ಕೆಲವರು ಕಂಡಿರಬಹುದು. ಒಂದು ಕಿಲೋ ಕಾಳು ಐದಾರು ಕಿಲೋ ಮೇವಾಯಿತೆಂದು ಹಿಗ್ಗುವರು. ಅದನ್ನು ಒಣಗಿಸಿ ತೂಗಿದರೋ ಮೊದಲಿನ ಕಾಳಿಗಿಂತ ಹೆಚ್ಚೇನೂ ಇರುವದಿಲ್ಲ, ಹೆಚ್ಚಿದ್ದೆಲ್ಲಾ ನೀರೇ. ಹಸುರು ಮೇವು ಹಸುವಿಗೆ ಹಿತ, ಇಲ್ಲವೆನ್ನುವದಿಲ್ಲ; ಆದರೆ ಆ ಕಾಳನ್ನು ಕೊಟ್ಟದ್ದು ಎಲ್ಲಿಯೋ ಒಂದು ಹೊಲದ ಮಣ್ಣೇ. ಹಾಗೆಯೇ ತೊಟ್ಟಿಯ ನೀರಿಗೆ ಹಾಕುವ ಲವಣಗಳೂ ಆಕಾಶದಿಂದ ಬೀಳುವದಿಲ್ಲ. ರಂಜಕವು ಗಣಿಯ ಬಂಡೆಯಿಂದ ಬರುವದು, ಅದರ ಬಹುಭಾಗವನ್ನು ನಮ್ಮ ದೇಶವು ಸಮುದ್ರದಾಚೆಯಿಂದ ತರಿಸುವದು. ಸಾರಜನಕವು ಕಾರಖಾನೆಯಿಂದ, ನೀರೆತ್ತುವ ಬಲವು ವಿದ್ಯುತ್ತಿನಿಂದ. ಹೀಗೆ ಸಾಲವು ತೀರಲಿಲ್ಲ, ಸಾಹುಕಾರನು ಮಾತ್ರ ಬದಲಾದನು. ಊರ ಸಾಹುಕಾರನ ಮುಖವನ್ನು ನಾವು ದಿನಾಲೂ ಕಾಣುತ್ತಿದ್ದೆವು. ಈ ಹೊಸ ಸಾಹುಕಾರನನ್ನು ಕಾಣೆವು.

ಇಂಥಾ ಬೆಳೆಗೆ ಸಾವಯವವೆಂಬ ಹೆಸರು ಸಲ್ಲುವದೋ ಎಂಬ ವಿಷಯದಲ್ಲಿ ದೊಡ್ಡ ದೇಶಗಳೇ ಒಡೆದು ನಿಂತಿವೆ. 2017ರ ನವೆಂಬರಿನಲ್ಲಿ ಅಮೇರಿಕಾದ ಸಾವಯವ ಮಾನದಂಡಗಳ ಮಂಡಳಿಯಲ್ಲಿ, ಮಣ್ಣಿಲ್ಲದ ಬೆಳೆಗೆ ಆ ಹೆಸರು ಕೂಡದೆಂಬ ಸೂಚನೆಯು 7ಕ್ಕೆ ಎದುರಾಗಿ 8 ಮತಗಳಿಂದ ಬಿದ್ದುಹೋಯಿತು. ಯೂರೋಪಿನ ಒಕ್ಕೂಟವು 2018ರಲ್ಲಿ ಮಾಡಿದ ನಿಯಮವಾದರೋ, ಮೊಳಕೆ ಮುಂತಾದ ಕೆಲವನ್ನು ಬಿಟ್ಟು, ಬೇರು ಮಣ್ಣಿನಲ್ಲಿರದ ಬೆಳೆಗೆ ಆ ಹೆಸರನ್ನು ಕೊಡದು. ನನ್ನ ಮತವು ಯೂರೋಪಿನವರ ಕಡೆಗಿದೆ. ಮಣ್ಣಿಲ್ಲದೆ ಬೆಳೆಯುವದು ಪಾಪವಲ್ಲ. ಹೊಲವೇ ಇಲ್ಲದವನು ತನ್ನ ಮಾಳಿಗೆಯ ಮೇಲೆ ಸೊಪ್ಪು ಬೆಳೆದರೆ ಸಂತೋಷವೇ. ಆದರೆ ಸಾವಯವವೆಂದು ಹೇಳಿ ಮಾರುವವನು, ಮಣ್ಣನ್ನು ಸಾಕಿದವನಿಗೆ ಸಲ್ಲತಕ್ಕ ಬೆಲೆಯನ್ನು ಮಣ್ಣು ಮುಟ್ಟದೆ ತೆಗೆದುಕೊಳ್ಳುವನು. ತೂಕದ ಕಲ್ಲು ಸರಿಯಾಗಿರಬೇಕಾದರೆ ಹೆಸರೂ ಸರಿಯಾಗಿರಬೇಕಲ್ಲವೇ?

ಹಾಗಾದರೆ ಲಾವಣಿ ಹಿಡಿದ ಬಡವನು ಏನು ಮಾಡತಕ್ಕದ್ದು? ತನ್ನ ಮಕ್ಕಳ ಅನ್ನವನ್ನು ಪರರ ಹೊಲದಲ್ಲಿ ಹೂಳೆಂದು ನಾನು ಹೇಳಲಾರೆನು. ಯೂರಿಯಾ ಹಾಕಿದ್ದಕ್ಕೆ ಅವನನ್ನು ದೂರಲಾರೆನು. ಆದರೆ ಹಣ ಬೇಡದ ಕೆಲಸಗಳು ಉಂಟು: ಜೋಳದ ಕೂಳೆಗೆ ಬೆಂಕಿಯಿಡದೆ ಹರಗುವದು, ಸಾಲುಗಳ ನಡುವೆ ತೊಗರಿಯನ್ನೋ ಹೆಸರನ್ನೋ ಅಕ್ಕಡಿಯಾಗಿ ಬಿತ್ತುವದು, ಒಡ್ಡನ್ನು ಮಳೆಗೆ ಮುಂಚೆ ಕಟ್ಟುವದು. ಇವುಗಳ ಫಲವು ಆ ವರುಷವೇ ಸ್ವಲ್ಪ ಅವನಿಗೂ ಬರುವದು. ತಿಪ್ಪೆಯ ಗೊಬ್ಬರದ ವಿಷಯದಲ್ಲಿ ಒಡೆಯನೊಂದಿಗೆ ಮಾತಾಡತಕ್ಕದ್ದು: ಮೂರು ವರುಷ ಹೊಲ ಬಿಟ್ಟರೆ ಮೊದಲನೆಯ ವರುಷ ನಾನು ಗೊಬ್ಬರ ಹೊಡೆಯುವೆನು, ಬಿಡಲಾರಿರಾದರೆ ಲಾವಣಿಯ ಹಣದಲ್ಲಿ ಗೊಬ್ಬರದ ಬೆಲೆಯನ್ನು ಮುರಿದುಕೊಳ್ಳಿರಿ, ಇಲ್ಲವೆ ಹೂಳನ್ನು ನೀವು ಹೇರಿಸಿರಿ, ಹರಡುವ ಕೆಲಸ ನನ್ನದು ಎಂದು. ಒಬ್ಬನೇ ಹೋಗಿ ಕೇಳಿದರೆ ಒಡೆಯನು ನಗಬಹುದು. ಒಂದೇ ಓಣಿಯ ನಾಲ್ಕಾರು ಮನೆಯವರು ಹಿರಿಯರನ್ನು ಮುಂದಿಟ್ಟುಕೊಂಡು ಹೋದರೆ ಅಷ್ಟು ಸುಲಭವಾಗಿ ನಗಲಾರನು. ಈ ಮಾತನ್ನು ಯುಗಾದಿಗೆ ಮೊದಲೇ, ಮುಂಗಡ ಹಣವು ಇನ್ನೂ ಕೈ ಬದಲಾಗದಿರುವಾಗಲೇ ತೆಗೆಯಬೇಕು. ಬಿತ್ತನೆಯಾದ ಬಳಿಕ ತೆಗೆದರೆ ಅದು ಜಗಳವಾಗುವದು.