ದೊರೆ ಕಾಣದ ಊರಿನ ಚರಂಡಿ

ಒಂದು ನಾಗರಿಕತೆ ದೊಡ್ಡದೋ ಸಣ್ಣದೋ ಎಂದು ಅಳೆಯಲು ಹೊರಟಾಗ ನಾವು ಮೊದಲು ಹುಡುಕುವುದು ಗೋಪುರ, ಗೋರಿ, ಗೆದ್ದವರ ಹೆಸರು. ಈಜಿಪ್ಟ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಮೆಸೊಪೊಟೇಮಿಯದ ಊರ್ ನಗರದ ರಾಜಗೋರಿಗಳೂ ಅಷ್ಟೆ; ಅಲ್ಲಿ ಒಡೆಯರ ಜತೆ ಊಳಿಗದವರನ್ನೂ ಸಾಲಾಗಿ ಮಲಗಿಸಿದ್ದರು. ಸಿಂಧೂ ಬಯಲಿಗೆ ಬಂದರೆ ಕಣ್ಣಿಗೆ ಬೀಳುವುದು ಇಟ್ಟಿಗೆ, ಬಾವಿ, ಚರಂಡಿ. ಜಾನ್ ಮಾರ್ಷಲ್ 1924ರಲ್ಲಿ ಈ ನಾಗರಿಕತೆಯನ್ನು ಜಗತ್ತಿಗೆ ಸಾರಿ ನೂರು ವರ್ಷ ಕಳೆದರೂ, ಇದೇ ಅರಮನೆ, ಇದೇ ರಾಜನ ಗೋರಿ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ. ಮೊಹೆಂಜೊದಾರೊದ ‘ಪುರೋಹಿತ ದೊರೆ’ಯ ಪ್ರತಿಮೆ ಒಂದು ಗೇಣೂ ಇಲ್ಲ, ಆತ ದೊರೆಯಾಗಿದ್ದ ಎಂಬುದೂ ಬರೀ ಊಹೆ.

ಹಾಗಾದರೆ ಇವರ ಸಾಧನೆ ಕಡಿಮೆಯೆ? ಅಲ್ಲ ಎನ್ನುವುದಕ್ಕೆ ಒಂದು ತೂಕದ ಕಲ್ಲು ಸಾಕು. ನುಣ್ಣಗೆ ಉಜ್ಜಿದ, ಅಂಗೈಯಲ್ಲಿ ಅಡಗುವ ಚೌಕ ಕಲ್ಲು. ಮೇಲೆ ಗುರುತಿಲ್ಲ, ಬರಹವಿಲ್ಲ. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ತೂಕ ಇಮ್ಮಡಿಸುತ್ತ ಹೋಗುತ್ತದೆ. ಹದಿನಾರರ ಕಲ್ಲು ಸುಮಾರು 13.7 ಗ್ರಾಂ. ಪಂಜಾಬಿನ ಹರಪ್ಪದಲ್ಲೂ ಗುಜರಾತಿನ ಲೋಥಲ್‌ನಲ್ಲೂ ಇದೇ ಲೆಕ್ಕ. ಸುಟ್ಟ ಇಟ್ಟಿಗೆಗೂ ಒಂದೇ ಅಳತೆ: ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ಪಿರಮಿಡ್ ಕಟ್ಟಲು ಒಬ್ಬನ ಅಪ್ಪಣೆ ಸಾಕಾಗಬಹುದು. ಮುಖಪರಿಚಯವಿಲ್ಲದ ಇಬ್ಬರು ಒಂದೇ ತೂಕವನ್ನು ನಂಬಿ ವ್ಯಾಪಾರ ಮಾಡಲು ಸಾವಿರಾರು ಜನರ ಒಪ್ಪಿಗೆ ಬೇಕು, ಅದೂ ದಿನದಿನವೂ.

ಇಷ್ಟಕ್ಕೇ ‘ಅದು ಸಮಾನತೆಯ ಸುವರ್ಣಯುಗ’ ಎಂದು ಹಾಡಿ ಹೊಗಳುವವರೂ ಇದ್ದಾರೆ. ಅಲ್ಲಿ ನಾನು ನಿಲ್ಲುತ್ತೇನೆ. ಒಂದೇ ಅಳತೆ ಒಪ್ಪಿಗೆಯಿಂದ ಬಂದಿರಬಹುದು, ದಂಡನೆಯ ಭಯದಿಂದಲೂ ಬಂದಿರಬಹುದು. ಹರಪ್ಪದ ಊರಬಾಗಿಲ ಬಳಿ ಸಿಕ್ಕ ತೂಕದ ಕಲ್ಲುಗಳನ್ನು ನೋಡಿ ಅಲ್ಲಿ ಸುಂಕ ಎತ್ತುತ್ತಿದ್ದಿರಬೇಕು ಎಂದು ತಜ್ಞರು ಹೇಳುತ್ತಾರೆ. ದೊರೆಯ ಗುರುತು ಸಿಗದ ಮಾತ್ರಕ್ಕೆ ದಬ್ಬಾಳಿಕೆ ಇರಲಿಲ್ಲ ಎನ್ನಲಾಗದು.

ಇನ್ನು ಚರಂಡಿ. ಮನೆಮನೆಯ ಬಚ್ಚಲಿನ ನೀರು ಬೀದಿಯ ಮುಚ್ಚಿದ ಕಾಲುವೆ ಸೇರುವ ಆ ಏರ್ಪಾಡನ್ನು ಶಾಲೆಯ ಪಾಠದಿಂದ ವೇದಿಕೆಯ ಭಾಷಣದವರೆಗೆ ಎಲ್ಲರೂ ಕೊಂಡಾಡುತ್ತೇವೆ. ಆದರೆ ಮೊಹೆಂಜೊದಾರೊದಲ್ಲಿ ಅಗೆತ ನಡೆಸಿದ ಅರ್ನೆಸ್ಟ್ ಮೆಕೆ ಇನ್ನೊಂದನ್ನೂ ಗಮನಿಸಿದ್ದರು: ಚರಂಡಿಗಳ ಪಕ್ಕದಲ್ಲಿ ಅಲ್ಲಲ್ಲಿ ಸಣ್ಣ ಗುಡ್ಡೆಗಳು, ಬಹುಪಾಲು ಮರಳು. ಹೂಳೆತ್ತಿ ದಡಕ್ಕೆ ಹಾಕಿದ್ದಾರೆ, ಸಾಗಿಸದೆ ಬಿಟ್ಟಿದ್ದಾರೆ. ಅಂದರೆ ಚರಂಡಿ ತನ್ನಷ್ಟಕ್ಕೆ ತಾನೇ ಶುಚಿಯಾಗಲಿಲ್ಲ. ಯಾರೋ ಬಗ್ಗಿ ಬಾಚಿದರು. ಅವರಿಗೆ ಕೂಲಿ ಸಿಗುತ್ತಿತ್ತೆ? ಬೇರೆ ಕೆಲಸ ಆರಿಸಿಕೊಳ್ಳಬಹುದಿತ್ತೆ? ದೊರೆಯ ಹೆಸರನ್ನು ಉಳಿಸದ ಊರು ಇವರ ಹೆಸರನ್ನೂ ಉಳಿಸಲಿಲ್ಲ. ದೊರೆ ಮರೆತುಹೋದದ್ದರಿಂದ ನಮಗೆ ನಷ್ಟವೇನಿಲ್ಲ. ಇವರು ಮರೆತುಹೋದದ್ದರಿಂದ ಮಾತ್ರ ಆ ನಗರದ ನ್ಯಾಯ ಎಂಥದೆಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಗೋಪುರದ ಬದಲು ಚರಂಡಿಯಿಂದ ನಾಗರಿಕತೆಯನ್ನು ಅಳೆಯೋಣ ಎಂಬುದು ಒಳ್ಳೆಯ ಮಾತೇ. ಆದರೆ ಅಳತೆ ಚರಂಡಿಯ ಇಳಿಜಾರಿಗೇ ಮುಗಿಯಬಾರದು, ಅದಕ್ಕೆ ಇಳಿಯುವವನ ಬಾಳನ್ನೂ ಮುಟ್ಟಬೇಕು. ಮಲ ಬಾಚಿಸುವುದನ್ನು ನಿಷೇಧಿಸಿ 2013ರಲ್ಲೇ ಕಾನೂನು ಮಾಡಿದ ನಮ್ಮ ದೇಶದಲ್ಲಿ ಮ್ಯಾನ್‌ಹೋಲ್‌ಗೆ ಇಳಿದವರು ಇನ್ನೂ ಸಾಯುತ್ತಿದ್ದಾರೆ. ಸಿಂಧೂ ಬಯಲಿನ ಊರುಗಳ ಬಗ್ಗೆ ನಮಗೆ ತಿಳಿಯದಿರುವುದಕ್ಕೆ ಸಾಕ್ಷ್ಯದ ಕೊರತೆ ಎನ್ನಬಹುದು; ನಮ್ಮ ಕಾಲಕ್ಕೆ ಆ ನೆಪವಿಲ್ಲ.