ತಲೆಮಾರಿನ ಎಲ್ಲೆ

ಮನುಷ್ಯರೂ ರೇಷ್ಮೆಹುಳುಗಳಂತೆ, ಒಂದು ಪೀಳಿಗೆ ಪೂರ್ತಿ ಅಳಿದ ಮೇಲೆ ಮತ್ತೊಂದು ಒಟ್ಟಿಗೇ ಹುಟ್ಟಿಬರುವ ಜೀವಿಗಳಾಗಿದ್ದರೆ, ಪ್ರತಿ ತಲೆಮಾರೂ ತನ್ನ ರಾಜ್ಯವ್ಯವಸ್ಥೆಯನ್ನು ತಾನೇ ಹೊಸದಾಗಿ ಆರಿಸಿಕೊಳ್ಳಬಹುದಿತ್ತು ಎಂದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ವಾದಿಸಿದನು. ವಾಸ್ತವ ಹಾಗಿಲ್ಲ. ಮನೆತನದೊಳಗೆ ಅಜ್ಜ, ಮಗ, ಮೊಮ್ಮಗ ಎಂಬ ಎಣಿಕೆ ಸಲೀಸಾಗಿದ್ದರೂ, ದಿನವೂ ಯಾರದೋ ಮೊಮ್ಮಗು ಹುಟ್ಟುತ್ತಲೇ ಇರುವ ಸಮಾಜದಲ್ಲಿ ಅದೇ ಎಣಿಕೆ ನೆಲೆ ತಪ್ಪುತ್ತದೆ.

ಈ ತೊಡಕನ್ನು ಆಳವಾಗಿ ಪರಿಶೀಲಿಸಿದ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್, 1928ರ ತನ್ನ ಪ್ರಬಂಧದಲ್ಲಿ ತಲೆಮಾರನ್ನು ಮೂರು ಪದರಗಳಲ್ಲಿ ವಿವರಿಸಿದನು. ಒಂದೇ ಕಾಲದಲ್ಲಿ, ಒಂದೇ ಚಾರಿತ್ರಿಕ ಪರಿಸರದಲ್ಲಿ ಹುಟ್ಟಿರುವುದು ಕೇವಲ ‘ನೆಲೆ’, ಆ ಕಾಲದ ತಲ್ಲಣಗಳೊಳಗೆ ನಿಜವಾಗಿ ಸೆಳೆಯಲ್ಪಟ್ಟಾಗ ಮಾತ್ರ ಅದು ‘ಬಂಧ’ವಾಗುತ್ತದೆ, ಅದೇ ತಲ್ಲಣಕ್ಕೆ ಒಂದೇ ಬಗೆಯಲ್ಲಿ ಸ್ಪಂದಿಸಿದವರು ಒಂದು ‘ಘಟಕ’. 1800ರ ಸುಮಾರಿನ ಚೀನಾದ ಯುವಕರಿಗೂ ಪ್ರಷ್ಯಾದ ಯುವಕರಿಗೂ ಸಮಾನ ನೆಲೆಯೇ ಇರಲಿಲ್ಲ; ಪ್ರಷ್ಯಾದೊಳಗೇ ನಗರದ ಗದ್ದಲದಿಂದ ದೂರ ಉಳಿದಿದ್ದ ರೈತ ಯುವಕರಿಗೆ ನೆಲೆಯಿದ್ದರೂ ಬಂಧವಿರಲಿಲ್ಲ; ಬಂಧವಿದ್ದವರಲ್ಲೂ ಸಂಪ್ರದಾಯವಾದಿಗಳು ಮತ್ತು ಉದಾರವಾದಿಗಳು ಬೇರೆ ಬೇರೆ ಘಟಕಗಳಾಗಿದ್ದರು. ಅಂದರೆ ಹುಟ್ಟಿದ ವರ್ಷ ತಲೆಮಾರಿಗೆ ಅವಕಾಶವನ್ನಷ್ಟೇ ಒದಗಿಸುತ್ತದೆ, ತಲೆಮಾರನ್ನು ನಿರ್ಮಿಸುವುದಿಲ್ಲ.

ಇಂದಿನ ಹಣೆಪಟ್ಟಿಗಳು ಈ ಎಚ್ಚರವನ್ನು ಬಿಟ್ಟುಕೊಟ್ಟಿವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 1981ರಿಂದ 1996ರವರೆಗೆ ಹುಟ್ಟಿದವರನ್ನು ‘ಮಿಲೆನಿಯಲ್’ ಎಂದೂ, 1997ರಿಂದ ಹುಟ್ಟಿದವರನ್ನು ‘ಜೆನ್ ಜೀ’ ಎಂದೂ ವಿಂಗಡಿಸಿದಾಗ, 2001ರ ಸೆಪ್ಟೆಂಬರ್ ದಾಳಿಯ ಅರ್ಥ ತಿಳಿಯುವ ವಯಸ್ಸು ಯಾರಿಗಿತ್ತು ಎಂಬುದನ್ನೂ ಒಂದು ಆಧಾರವಾಗಿ ಹಿಡಿಯಿತು. ಆಧಾರವೇನೋ ಸಮಂಜಸವೇ, ಆದರೆ ಡಿಸೆಂಬರ್ 31ರಂದು ಹುಟ್ಟಿದ ಕೂಸು ಒಂದು ಪಾಳಿಗೂ ಮರುದಿನದ ಕೂಸು ಇನ್ನೊಂದು ಪಾಳಿಗೂ ಸೇರುವುದು, ಹದಿನೈದು ವರ್ಷ ಅಂತರದ ಇಬ್ಬರು ಒಂದೇ ಪಾಳಿಯಲ್ಲಿ ಉಳಿಯುವುದು ಗೆರೆ ಎಳೆದವರ ಅನುಕೂಲವೇ ಹೊರತು ಗೆರೆಯೊಳಗಿನವರ ಸ್ವಭಾವವಲ್ಲ. ಇದಕ್ಕಿಂತ ಗಂಭೀರವಾದ ತೊಡಕು ಮತ್ತೊಂದಿದೆ. ಸಮೀಕ್ಷೆಯ ವರ್ಷದಿಂದ ಜನ್ಮವರ್ಷವನ್ನು ಕಳೆದರೆ ಬರುವುದೇ ವಯಸ್ಸಾದ್ದರಿಂದ, ಒಬ್ಬನ ನಿಲುವಿಗೆ ಯೌವನ ಕಾರಣವೋ, ಕಾಲ ಕಾರಣವೋ, ತಲೆಮಾರು ಕಾರಣವೋ ಎಂಬುದನ್ನು ಅಂಕಿಅಂಶಗಳಷ್ಟರಿಂದಲೇ ಬಿಡಿಸಲಾಗದು. ಹಿಂದಿನವರು ಇದೇ ವಯಸ್ಸಿನಲ್ಲಿ ಹೇಗಿದ್ದರೆಂಬ ಮಾಹಿತಿ ಇದ್ದಾಗ ಮಾತ್ರ ತಲೆಮಾರುಗಳನ್ನು ಹೋಲಿಸುವುದಾಗಿ 2023ರಲ್ಲಿ ಪ್ಯೂ ಕೇಂದ್ರವೇ ಪ್ರಕಟಿಸಿತು.

ಈ ಪಟ್ಟಿಯನ್ನು ಭಾರತಕ್ಕೆ ತಂದು ಅಂಟಿಸುವುದು ಇನ್ನೂ ವಿಚಿತ್ರ. 1946ರಿಂದ 1964ರವರೆಗಿನ ‘ಬೂಮರ್’ ಎಂಬ ಹೆಸರಿಗೆ ಅಮೆರಿಕದಲ್ಲಿ ಯುದ್ಧಾನಂತರ ಏರಿದ ಜನನಪ್ರಮಾಣದ ಆಧಾರವಿದೆ. ಭಾರತದಲ್ಲಾದರೋ ಜನನಪ್ರಮಾಣ ಯುದ್ಧಕ್ಕೆ ಮೊದಲೇ ಎತ್ತರದಲ್ಲಿತ್ತು, ಜನಸಂಖ್ಯೆ ಉಬ್ಬಿದ್ದು ಮುಖ್ಯವಾಗಿ ಸಾವುಗಳು ಇಳಿದದ್ದರಿಂದ. ಗಡಿಗೆ 1975ರ ತುರ್ತುಪರಿಸ್ಥಿತಿಯಂಥ ಇಲ್ಲಿನದೇ ಘಟನೆಯನ್ನು ಆರಿಸಿಕೊಂಡರೂ ಮ್ಯಾನ್‌ಹೈಮನ ಪ್ರಶ್ನೆ ಬೆನ್ನು ಬಿಡುವುದಿಲ್ಲ: ಕಾಲೇಜು ಬಿಟ್ಟು ಜೈಲು ಸೇರಿದ ಬೆಂಗಳೂರಿನ ವಿದ್ಯಾರ್ಥಿಗೂ, ಅದೇ ದಿನಗಳಲ್ಲಿ ದೇವರಾಜ ಅರಸರ ಭೂಸುಧಾರಣೆಯಡಿ ಗೇಣಿ ಭೂಮಿಯ ಹಕ್ಕು ಕೋರುವ ನಮೂನೆ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತಿದ್ದ ಅವನದೇ ವಯಸ್ಸಿನ ಗೇಣಿದಾರನಿಗೂ ಆ ಅವಧಿ ಒಂದೇ ಅನುಭವವಾಗಿರಲಿಲ್ಲ.