ಮಂಡಿ ಮುಚ್ಚಿಟ್ಟ ಉಸಿರು

ಅಮ್ಮನ ಬೆಳಗು ಬೆರಳುಗಳಿಂದ ಶುರುವಾಗುತ್ತದೆ. ಐದಕ್ಕೇ ಎಚ್ಚರವಾದರೂ ಗೆಣ್ಣುಗಳು ಏಳಲು ಒಪ್ಪುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಕೂತು, ಒಂದೊಂದೇ ಬೆರಳು ಮಡಚಿ ಬಿಡಿಸಿ, ಹಾಲಿನ ಪಾತ್ರೆ ಎತ್ತುವಷ್ಟು ಹಿಡಿತ ಬರಲು ಗಂಟೆ ಮೀರುತ್ತದೆ. ರುಮಟಾಯ್ಡ್ ಸಂಧಿವಾತ. ಮನೆಯಲ್ಲಿ ಅದಕ್ಕೆ 'ಅಮ್ಮನ ಕೈಕಾಲು ನೋವು' ಎಂದೇ ಹೆಸರು. ಆ ಹೆಸರೇ ನಮ್ಮ ದಾರಿ ತಪ್ಪಿಸಿತು.

ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು, ಕೀಲಷ್ಟಕ್ಕೇ ನಿಲ್ಲುವುದಿಲ್ಲ. ಸುಮಾರು ಹತ್ತರಲ್ಲಿ ಒಬ್ಬರಿಗೆ ಶ್ವಾಸಕೋಶದ ಗಾಳಿಗೂಡುಗಳ ತೆಳುಗೋಡೆ ಊದಿಕೊಂಡು, ಬರಬರುತ್ತಾ ಮಾಗಿದ ಗಾಯದ ಕಲೆಯಂತೆ ಗಡುಸಾಗುತ್ತದೆ. ಹಾಗೆ ಗಡುಸಾದದ್ದು ಮತ್ತೆ ಮೆದುವಾಗದು. ಬೇಗ ಗೊತ್ತಾದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಕೀಲಿಗೂ ಶ್ವಾಸಕೋಶಕ್ಕೂ ಇರುವ ಈ ನಂಟನ್ನು ಇಂಗ್ಲೆಂಡಿನ ಎಲ್ಮನ್ ಮತ್ತು ಬಾಲ್ ಎಂಬ ವೈದ್ಯರು 1948ರಲ್ಲೇ ಬರೆದಿಟ್ಟಿದ್ದರು. ನಮ್ಮ ಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ.

ಮುಟ್ಟುವುದಾದರೂ ಹೇಗೆ? ಬೇರೆಯವರಿಗೆ ಉಸಿರು ಸೋತರೆ ಮೆಟ್ಟಿಲು ಹೇಳುತ್ತದೆ, ಏರುದಾರಿ ಹೇಳುತ್ತದೆ. ಅಮ್ಮ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಳು. ಮಂಡಿನೋವಿಗೆ ಮೊದಲು ಸಂತೆ ಬಿಟ್ಟಳು, ಆಮೇಲೆ ದೇವಸ್ಥಾನ, ಆಮೇಲೆ ಹಿತ್ತಲು. ಓಡಾಟ ಕಿರಿದಾದಂತೆ ಅದಕ್ಕೆ ಬೇಕಾದ ಉಸಿರೂ ಕಿರಿದಾಯಿತು. ದಮ್ಮು ಹತ್ತಲು ಎಡೆಯೇ ಇರಲಿಲ್ಲ. ಒಣಕೆಮ್ಮಿತ್ತು, ಒಗ್ಗರಣೆಯ ಘಾಟು ಅಂದುಕೊಂಡೆವು. ಎಷ್ಟು ತಿಂಗಳು ಹಾಗೆ ಅಂದುಕೊಂಡೆವೋ, ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಕೊನೆಗೆ ಕೇಳಿಸಿಕೊಂಡವರು ಒಬ್ಬ ಯುವ ವೈದ್ಯೆ. ಕೈಬೆರಳು ನೋಡಿ ಮಾತ್ರೆ ಬರೆದು ಕಳಿಸಲಿಲ್ಲ. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು, "ಅಮ್ಮಾ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ" ಅಂದರು. ಆಮೇಲೆ ನನ್ನ ಕಿವಿಗೂ ಕೊಟ್ಟರು. ಉಸಿರು ಒಳಹೋಗಿ ತುಂಬುವ ಕೊನೆಯಲ್ಲಿ ಪರಪರ ಸದ್ದು. ಬಿಪಿ ನೋಡುವ ಪಟ್ಟಿಯನ್ನು ಬಿಚ್ಚುವಾಗ ಬರುತ್ತದಲ್ಲ, ಥೇಟ್ ಅದೇ. ಗಡುಸಾದ ಶ್ವಾಸಕೋಶದ ಸದ್ದು ಅದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ್ದ. ಸ್ಟೆತಸ್ಕೋಪಿನ ಮೂಲವಾದ ಆ ಕಾಗದದ ಕೊಳವೆ ಅಷ್ಟು ದೂರದಿಂದ ಅಮ್ಮನ ಬೆನ್ನಿನವರೆಗೆ ಬಂದಂತಿತ್ತು.

ಎದೆಯ ಎಕ್ಸ್‌ರೇ ಸರಿಯಾಗಿದೆ ಅಂದಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಆರಂಭದ ಕಲೆ ಅದರಲ್ಲಿ ಕಾಣದೆ ಹೋಗಬಹುದು. ಸೂಕ್ಷ್ಮವಾದ ಸಿಟಿ ಸ್ಕ್ಯಾನ್ ಬೇಕು, ಕೊಳವೆಗೆ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ ಬೇಕು. ಈ ಸಂಧಿವಾತ ಇರುವವರಲ್ಲಿ ವಯಸ್ಸಾದವರು, ಗಂಡಸರು, ಬೀಡಿ ಸಿಗರೇಟು ಸೇದಿದವರು, ರಕ್ತದಲ್ಲಿ ಸಿಸಿಪಿ ಪ್ರತಿಕಾಯ ಹೆಚ್ಚಿರುವವರು ದಮ್ಮು ಬರಲೆಂದು ಕಾಯದೆ ವೈದ್ಯರನ್ನು ಈ ಬಗ್ಗೆ ಕೇಳಬೇಕು.

ಈಗ ಅಮ್ಮ ಬಿಸಿನೀರಿಗೆ ಕೈ ಅದ್ದಿ ಕೂತಾಗ ನಾನೂ ಪಕ್ಕದಲ್ಲಿ ಕೂರುತ್ತೇನೆ. ಅವಳು ಊರ ಸುದ್ದಿ ಹೇಳುತ್ತಾಳೆ. ಮಾತಿನ ನಡುವೆ ಎಲ್ಲಿ ತಡೆದು ಉಸಿರೆಳೆದುಕೊಂಡಳು ಎಂದು ನನ್ನ ಕಿವಿ ಹುಡುಕುತ್ತದೆ. ಇವತ್ತು ದಾಸವಾಳದ ಗಿಡದ ತನಕ ಹೋಗಿ, ನಾಲ್ಕು ಹೂ ಕೊಯ್ದುಕೊಂಡು, ಹೇಳುತ್ತಿದ್ದ ಮಾತನ್ನು ನಿಲ್ಲಿಸದೆಯೇ ವಾಪಸು ಬಂದಳು.